ಕಡುಬು, ಮೊಟ್ಟೆ ಮತ್ತು ಹಳೇಬೀಡಿನ ಗೋಡೆ

1856ರಲ್ಲಿ ಒಬ್ಬ ಇಂಗ್ಲಿಷ್ ಸೇನಾಧಿಕಾರಿ ಹಳೇಬೀಡಿಗೆ ಕ್ಯಾಮೆರಾ ತಂದ. ಹೆಸರು ಕ್ಯಾಪ್ಟನ್ ರಿಚರ್ಡ್ ಬ್ಯಾನರ್ ಓಕ್ಲಿ. ಆಗ ಮೈಸೂರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗಷ್ಟೇ ದೊರೆ. ಕಾರುಬಾರೆಲ್ಲ ಕಮಿಷನರ್ ಮಾರ್ಕ್ ಕಬ್ಬನ್ನನ ಕೈಯಲ್ಲಿತ್ತು. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಪ್ರಕಟವಾಗಿ ಹದಿನೇಳು ವರ್ಷವಷ್ಟೇ ಆಗಿತ್ತು. ಇವತ್ತಿನ ಹಾಗೆ ಜೇಬಿನಿಂದ ಫೋನು ತೆಗೆದು ಮುಗಿಸುವ ಕೆಲಸವಲ್ಲ ಅದು. ಮರದ ಪೆಟ್ಟಿಗೆ, ಮುಕ್ಕಾಲಿ, ರಾಸಾಯನಿಕದ ಸೀಸೆಗಳು, ಕತ್ತಲೆ ಮಾಡಿಕೊಳ್ಳುವ ಏರ್ಪಾಡು, ಇವನ್ನೆಲ್ಲ ಹೊರಲು ಆಳು, ತೊಳೆಯಲು ಬಿಂದಿಗೆಗಟ್ಟಲೆ ನೀರು. ನೀರಿಗೇನೋ ದೇವಸ್ಥಾನದ ಮಗ್ಗುಲಲ್ಲೇ ದೋರಸಮುದ್ರದ ಕೆರೆ ಇದೆ. ಹೊಯ್ಸಳರು ಅಗೆಸಿದ ಕೆರೆಯ ನೀರಲ್ಲೇ ಹೊಯ್ಸಳರ ಗೋಡೆಯ ಮೊದಲ ಚಿತ್ರಗಳು ತೊಳೆಸಿಕೊಂಡವೋ ಏನೋ. ಹಾಗೆಂದುಕೊಳ್ಳಲು ನನಗೆ ಖುಷಿ.

ಮೂರು ವರ್ಷದ ಮೇಲೆ, 1859ರಲ್ಲಿ, ಆ ಚಿತ್ರಗಳು ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. 'ದಿ ಪಗೋಡಾ ಆಫ್ ಹಳ್ಳಿಬೀಡ್' ಅದರ ಹೆಸರು, ಒಳಗೆ 56 ಛಾಯಾಚಿತ್ರಗಳು. ಒಂದೇ ದೇವಸ್ಥಾನಕ್ಕೆ ಐವತ್ತಾರು! ಅದೇ ಆಸುಪಾಸಿನ ವರ್ಷಗಳಲ್ಲಿ ಬ್ರಿಸ್ಬೇನ್ ನೀಲ್, ಪಿಗೂ ಎಂಬ ವೈದ್ಯರು, ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿ ನಮ್ಮ ನಾಡಿನ ಕಟ್ಟಡಗಳ ಫೋಟೋ ತೆಗೆದಿದ್ದರು. 1866ರಲ್ಲಿ ಇವರ ಚಿತ್ರಗಳೆಲ್ಲ ಸೇರಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್' ಎಂಬ ಭಾರೀ ಸಂಪುಟವಾಯಿತು. ಅದಕ್ಕೆ ಚರಿತ್ರೆಯ ಭಾಗ ಬರೆದವನು ಮೆಡೋಸ್ ಟೇಲರ್, ಸುರಪುರದವರು ಇವತ್ತಿಗೂ ಮರೆಯದ ಅದೇ ಟೇಲರ್. ವಾಸ್ತುವಿನ ಟಿಪ್ಪಣಿ ಬರೆದವನು ಜೇಮ್ಸ್ ಫರ್ಗುಸನ್. ಪಶ್ಚಿಮದ ಓದುಗರ ಕಣ್ಣಿಗೆ ಹಳೇಬೀಡು ಬಿದ್ದದ್ದು ಹೀಗೆ, ಕಾಗದದ ಮೇಲೆ, ಕಂದು ಬಣ್ಣದಲ್ಲಿ, ಫರ್ಗುಸನ್ನನ ಮಾತಿನ ಜೊತೆಗೆ.

ಈ ಫರ್ಗುಸನ್ ವೃತ್ತಿಯಿಂದ ವಾಸ್ತುಶಿಲ್ಪಿಯಲ್ಲ. ಬಂಗಾಳದಲ್ಲಿ ನೀಲಿ ಬೆಳೆಯ ವ್ಯಾಪಾರದಲ್ಲಿ ದುಡ್ಡು ಮಾಡಿಕೊಂಡು, ಆ ದುಡ್ಡಿನಲ್ಲಿ ಭಾರತದ ಕಟ್ಟಡಗಳನ್ನು ಹುಡುಕಿಕೊಂಡು ತಿರುಗಿದವನು. ಊರಿಗೆ ಮರಳಿದ ಮೇಲೆ ಅವನ ಕೈಗೆ ಫೋಟೋಗಳು ಸಿಕ್ಕವು. ಅಲ್ಲಿಂದ ಮುಂದೆ ಅವನ ಮುಖ್ಯ ಸಾಕ್ಷ್ಯವೇ ಅವು. 1866ರ ಡಿಸೆಂಬರಿನಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಭಾರತೀಯ ವಾಸ್ತುವಿನ ಬಗ್ಗೆ ಉಪನ್ಯಾಸ ಕೊಟ್ಟ. ಮರುವರ್ಷ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಭಾರತದ ಕಟ್ಟಡಗಳ ಸುಮಾರು 500 ಛಾಯಾಚಿತ್ರಗಳನ್ನು ಜೋಡಿಸಿಟ್ಟ. ಒಂದು ದೇಶದ ವಾಸ್ತುವನ್ನು ಅದರ ಒಂದು ಕಲ್ಲನ್ನೂ ಅಲುಗಿಸದೆ ಇನ್ನೊಂದು ಖಂಡದಲ್ಲಿ ಸಾಲಾಗಿ ತೋರಿಸುವುದು ಆಗಿನ ಮಟ್ಟಿಗೆ ಹೊಸ ಸಂಗತಿ.

1876ರಲ್ಲಿ ಬಂದ ತನ್ನ ದೊಡ್ಡ ಗ್ರಂಥದಲ್ಲಿ ಫರ್ಗುಸನ್ ಹಳೇಬೀಡನ್ನು ಅಥೆನ್ಸಿನ ಪಾರ್ಥೆನಾನ್ ಪಕ್ಕದಲ್ಲಿ ನಿಲ್ಲಿಸಿದ. ಈ ಮಾತನ್ನು ನಾವು ಶಾಲೆಯ ಪ್ರವಾಸದ ದಿನದಿಂದಲೂ ಕೇಳಿದ್ದೇವೆ, ಹೆಮ್ಮೆಪಟ್ಟಿದ್ದೇವೆ. ಆದರೆ ಆತ ಹೇಳಿದ್ದು ಇವೆರಡೂ ಒಂದೇ ತೂಕ ಎಂದಷ್ಟೇ ಅಲ್ಲ. ಇವೆರಡೂ ವಾಸ್ತುಕಲೆಯ ಎದುರುಬದುರು ಧ್ರುವಗಳು ಎಂದು. ಪಾರ್ಥೆನಾನ್ ಶುದ್ಧ ಬುದ್ಧಿಯ ಕೆಲಸ. ಹಳೇಬೀಡಿನಲ್ಲಿ ಭಕ್ತಿಯ ಆವೇಶವಿದೆ, ಭಾವದ ಬಿಸಿಯಿದೆ, ಮನುಷ್ಯ ಪಡಬಹುದಾದ ಶ್ರಮದ ಪರಮಾವಧಿಯಿದೆ. ಬುದ್ಧಿಯ ಪಾಲು ಮಾತ್ರ ಕಡಿಮೆ. ಸಾರಾಂಶ ಇಷ್ಟು. ಕೆಳಗಿನ ಪಟ್ಟಿಯ ಉದ್ದ 710 ಅಡಿ, ಅದರಲ್ಲಿ ಆನೆಗಳು ಎರಡು ಸಾವಿರಕ್ಕೆ ಕಮ್ಮಿಯಿಲ್ಲ ಎಂಬ ಲೆಕ್ಕವನ್ನೂ ಆತ ಕೊಟ್ಟ. ಆ ಲೆಕ್ಕ ಈಗಲೂ ಚಲಾವಣೆಯಲ್ಲಿದೆ. ಹಳೇಬೀಡಿನಲ್ಲಿ ನಾನು ಗೈಡುಗಳ ಹಿಂದೆ ನಡೆದಾಗಲೆಲ್ಲ ಗಮನಿಸಿದ್ದೇನೆ: ಆನೆ ಎಷ್ಟು ಎಂದು ಜನ ಕೇಳುತ್ತಾರೆ, ಎಷ್ಟು ವರ್ಷ ಕೆತ್ತಿದರು ಎಂದು ಕೇಳುತ್ತಾರೆ. ಯಾರು ಕೆತ್ತಿದರು ಎಂದು ಕೇಳಿದರೆ ಅದಕ್ಕೆ ಉತ್ತರವಾಗಿ ರಾಜನ ಹೆಸರು ಬರುತ್ತದೆ.

ಹೊಗಳಿಕೆಯಲ್ಲಿ ಎರಡು ಬಗೆ. 'ಎಂಥ ಯೋಚನೆ ಮಾಡಿದ್ದೀಯ' ಎನ್ನುವುದು ಒಂದು, 'ಎಷ್ಟು ದುಡಿದಿದ್ದೀಯ' ಎನ್ನುವುದು ಇನ್ನೊಂದು. ಮೊದಲನೆಯದನ್ನು ಸಮಾನರಿಗೆ ಹೇಳುತ್ತೇವೆ, ಎರಡನೆಯದನ್ನು ಆಳಿಗೆ. ಫರ್ಗುಸನ್ ಹಳೇಬೀಡಿಗೆ ಕೊಟ್ಟದ್ದು ಎರಡನೆಯದು. ಆತನಿಗೆ ಅನ್ಯಾಯ ಮಾಡುವ ಆಸೆ ನನಗಿಲ್ಲ. ಈ ಗೋಡೆಯನ್ನು ಗ್ರೀಸಿನ ಜೊತೆ ಒಂದೇ ಉಸಿರಿನಲ್ಲಿ ಹೇಳಲು 1876ರಲ್ಲಿ ಧೈರ್ಯ ಬೇಕಿತ್ತು, ಅದು ಆತನಿಗಿತ್ತು. ಆದರೆ ಆತನಿಗೆ ಒಂದು ಹಟವೂ ಇತ್ತು: ಭಾರತದಲ್ಲಿ ಬರಹವನ್ನು ನಂಬಬಾರದು, ಕಲ್ಲನ್ನು ನಂಬಬೇಕು, ಶೈಲಿ ನೋಡಿದರೆ ಕಾಲ ತಾನೇ ತಿಳಿಯುತ್ತದೆ. ಇದೇ ವಿಷಯಕ್ಕೆ ಮುಂದೆ ಬಂಗಾಳದ ವಿದ್ವಾಂಸ ರಾಜೇಂದ್ರಲಾಲ ಮಿತ್ರರ ಜೊತೆ ದೊಡ್ಡ ಜಗಳವಾಡಿ, 1884ರಲ್ಲಿ ಅವರ ವಿರುದ್ಧ ಒಂದು ಪುಸ್ತಕವನ್ನೇ ಬರೆದ. ನಮ್ಮ ದೇವಸ್ಥಾನಗಳ ಶೈಲಿಗೆ ಆತ ಇಟ್ಟ ಹೆಸರೂ 'ಚಾಲುಕ್ಯ' ಎಂದು. ಹೊಯ್ಸಳರ ರಾಜಧಾನಿಯಲ್ಲಿ ನಿಂತ ದೇವಸ್ಥಾನಕ್ಕೆ ಹೊಯ್ಸಳರ ಹೆಸರೇ ಇಲ್ಲ!

ಆತ ನಂಬಿದ ಆ ಕಲ್ಲಿನ ಮೇಲೇ ಬರಹವಿತ್ತು. ಮೂರ್ತಿಗಳ ಪೀಠದ ಅಂಚಿನಲ್ಲಿ, ಹಳಗನ್ನಡ ಅಕ್ಷರದಲ್ಲಿ. ಗೋಡೆಯ ವೈಭವ ಪೂರ್ತಿ ಚಿತ್ರದಲ್ಲಿ ಹಿಡಿಸಬೇಕಾದರೆ ಕ್ಯಾಮೆರಾ ದೂರ ನಿಲ್ಲಬೇಕು. ಈ ಅಕ್ಷರ ಓದಬೇಕಾದರೆ ಮಂಡಿಯೂರಿ ಕೂರಬೇಕು. ಕನ್ನಡವೂ ಬರಬೇಕು.

ಅದಕ್ಕೆ ಬರುತ್ತೇನೆ. ಮೊದಲು 'ಬುದ್ಧಿಯ ಪಾಲು ಕಡಿಮೆ' ಎಂಬ ಮಾತಿಗೆ ಅರಸೀಕೆರೆಯಲ್ಲಿ ಒಂದು ಉತ್ತರವಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಅರಸೀಕೆರೆ ಎಂದರೆ ರೈಲು ಬದಲಿಸುವ ಜಂಕ್ಷನ್ನು, ತೆಂಗಿನಕಾಯಿ, ಕೊಬ್ಬರಿ. ಊರೊಳಗೆ 1220ರ ಸುಮಾರಿಗೆ, ಇಮ್ಮಡಿ ಬಲ್ಲಾಳನ ಆಳ್ವಿಕೆಯ ಕೊನೆಗೆ, ಕಟ್ಟಿದ ಈಶ್ವರ ದೇವಸ್ಥಾನವಿದೆ. ಅದರ ಮುಂದಿನ ತೆರೆದ ಮಂಟಪ 16 ಮೂಲೆಗಳ ನಕ್ಷತ್ರ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು: ಚೌಕಾಕಾರದ ಒಂದು ರಟ್ಟನ್ನು ನಡುವೆ ಮೊಳೆ ಹೊಡೆದು ಕಾಗದಕ್ಕೆ ಒತ್ತಿ, ಸುತ್ತ ಗೆರೆ ಎಳೆಯಿರಿ. ಲಂಬಕೋನದ ಕಾಲು ಭಾಗದಷ್ಟು ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಒಟ್ಟು ನಾಲ್ಕು ಸಲ ಎಳೆದರೆ ಹದಿನಾರು ಮೂಲೆಗಳು ಸಿಗುತ್ತವೆ. ಕಾಗದದ ಮೇಲೆ ಇದು ಮಕ್ಕಳಾಟ. ಅದೇ ಲೆಕ್ಕವನ್ನು ನೆಲದ ಮೇಲೆ ಹಗ್ಗ ಹಿಡಿದು ಗುರುತಿಸಿ, ಜಗಲಿಯಿಂದ ಸೂರಿನವರೆಗೆ ಒಂದೊಂದು ಮೂಲೆಯೂ ತಪ್ಪದಂತೆ ಕಲ್ಲು ಏರಿಸಿ, ಒಳಗೆ ಗುಮ್ಮಟದಂಥ ಛತ್ತನ್ನು ಕಂಬಗಳ ಮೇಲೆ ನಿಲ್ಲಿಸುವುದು ಮಕ್ಕಳಾಟವಲ್ಲ. ಹಿಂದಿನ ಗರ್ಭಗುಡಿಯ ಹೊರಗೋಡೆಯೂ ನಕ್ಷತ್ರವೇ. ಆದರೆ ಅದರ ಮೂಲೆಗಳನ್ನು ಒಂದೇ ತೆರನಾಗಿ ಮಾಡದೆ ಬೇರೆ ಬೇರೆ ಬಗೆಯಲ್ಲಿ ಮಡಿಸಿದ್ದಾರೆ. ಒಂದು ನಿಯಮ ಹಾಕಿಕೊಂಡು, ಅದನ್ನು ಪಾಲಿಸಿ ತೋರಿಸಿ, ಪಕ್ಕದಲ್ಲೇ ಅದರ ಜೊತೆ ಆಡುವುದು. ಇದು ಬುದ್ಧಿಯಲ್ಲದಿದ್ದರೆ ಬುದ್ಧಿ ಯಾವುದು? ಹಳೇಬೀಡಿನ ಗೋಡೆಯ ಮೂರ್ತಿಗಳ ಗದ್ದಲದಲ್ಲಿ ಈ ಗಣಿತ ಕಣ್ಣಿಗೆ ತಕ್ಷಣ ಬೀಳುವುದಿಲ್ಲ, ಅರಸೀಕೆರೆಯಲ್ಲಿ ಬೀಳುತ್ತದೆ. ಆದರೆ ಅರಸೀಕೆರೆ ಯಾರ ಹೋಲಿಕೆಗೂ ಸಿಗಲಿಲ್ಲ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಅರಸೀಕೆರೆ ಅದರಲ್ಲಿಲ್ಲ.

ಇನ್ನು ಇಪ್ಪತ್ತನೆಯ ಶತಮಾನಕ್ಕೆ ಬರೋಣ, ಕಡುಬು ಇರುವುದು ಅಲ್ಲಿ. 1910ರ ಜನವರಿ 13ರಂದು ಲಂಡನ್ನಿನ ರಾಯಲ್ ಸೊಸೈಟಿ ಆಫ್ ಆರ್ಟ್ಸ್‌ನಲ್ಲಿ ಇ.ಬಿ. ಹ್ಯಾವೆಲ್ ಭಾರತದ ಕಲೆಯ ಬಗ್ಗೆ ಮಾತಾಡಿದರು. ಫರ್ಗುಸನ್ ಮೂವತ್ತನಾಲ್ಕು ವರ್ಷ ಹಿಂದೆ ಉಪನ್ಯಾಸ ಕೊಡಲು ನಿಂತಿದ್ದ ಸಂಸ್ಥೆಯೇ ಅದು ಎನ್ನಬೇಡಿ, ನಲವತ್ತು ದಾಟಿತ್ತು. ಸಂಸ್ಥೆಯ ಹೆಸರಿಗೆ ನಡುವೆ 'ರಾಯಲ್' ಸೇರಿಕೊಂಡಿತ್ತು ಅಷ್ಟೆ. ಅಧ್ಯಕ್ಷತೆ ಸರ್ ಜಾರ್ಜ್ ಬರ್ಡ್‌ವುಡ್‌ನದು. ಭಾರತದ ಕರಕುಶಲ ಕಲೆಗಳ ಮೇಲೆ ಪುಸ್ತಕ ಬರೆದ, ನೇಯ್ಗೆ ಲೋಹದ ಕೆಲಸಗಳನ್ನು ಮನಸಾರೆ ಮೆಚ್ಚಿದ ಮನುಷ್ಯ. ಆದರೆ ಭಾರತದಲ್ಲಿ ಲಲಿತಕಲೆ ಎಂಬುದಿಲ್ಲ ಎನ್ನುವುದು ಅವನ ನಿಲುವು. ಜಾವಾದ ಒಂದು ಬುದ್ಧವಿಗ್ರಹವನ್ನು ತೋರಿಸಿ, ಕೊಬ್ಬು ಸೇರಿಸಿ ಬೇಯಿಸಿದ ಕಡುಬಿನಲ್ಲೂ ಇಷ್ಟೇ ಶಾಂತಿ ಕಾಣಬಹುದು ಎಂದ. ಅದು ಹಾಸ್ಯವೇ ಇರಬಹುದು, ಆದರೆ ಸುಟ್ಟಿತು. ಫೆಬ್ರವರಿ 28ರ 'ಟೈಮ್ಸ್' ಪತ್ರಿಕೆಯಲ್ಲಿ ವಿಲಿಯಂ ರಾಥೆನ್‌ಸ್ಟೈನ್ ಮುಂತಾದ ಹದಿಮೂರು ಮಂದಿ ಸಹಿ ಹಾಕಿದ ಪ್ರತಿಭಟನೆಯ ಪತ್ರ ಬಂತು. ಇಂಡಿಯಾ ಸೊಸೈಟಿ ಹುಟ್ಟಿದ್ದೂ ಆ ಜಗಳದಿಂದಲೇ.

ಅದೇ 1910ರಲ್ಲಿ ಪೂರ್ವದೇಶಗಳ ಕಲೆಯನ್ನು ಹೊಸ ಕಣ್ಣಿನಿಂದ ನೋಡಬೇಕೆಂದು ಬರೆದ ವಿಮರ್ಶಕ ರಾಜರ್ ಫ್ರೈ, ವರ್ಷದ ಕೊನೆಗೆ ಲಂಡನ್ನಿನಲ್ಲಿ ಸೆಜಾನ್, ಗೊಗ್ಯಾ, ವ್ಯಾನ್‌ಗೋ ಇವರ ಚಿತ್ರಗಳ ಪ್ರದರ್ಶನ ಮಾಡಿ ಬೈಸಿಕೊಂಡ. 1912ರಲ್ಲಿ ಅವನು ಮಾಡಿದ ಎರಡನೆಯ ಪ್ರದರ್ಶನವನ್ನು ನೋಡಲು ಅಮೆರಿಕದಿಂದ ಇಬ್ಬರು ಕಲಾವಿದರು ಬಂದಿದ್ದರು, ಆರ್ಥರ್ ಡೇವಿಸ್ ಮತ್ತು ವಾಲ್ಟ್ ಕುನ್. ಅವರು ಹಿಂತಿರುಗಿ ಗೆಳೆಯರ ಜೊತೆ ಸೇರಿ ನಡೆಸಿದ್ದೇ 'ಆರ್ಮರಿ ಶೋ'. 1913ರ ಫೆಬ್ರವರಿ 17ರಿಂದ ಮಾರ್ಚ್ 15ರವರೆಗೆ, ನ್ಯೂಯಾರ್ಕಿನ ಒಂದು ಸೇನಾ ಪಡೆಯ ಕವಾಯತು ಭವನದಲ್ಲಿ, ಸುಮಾರು 1300 ಕೃತಿಗಳು. ಆಮೇಲೆ ಚಿಕಾಗೊ, ಕೊನೆಗೆ ಬೋಸ್ಟನ್. ಅಮೆರಿಕದ ಸಾಮಾನ್ಯ ಜನ ಆಧುನಿಕ ಕಲೆಯನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಎದುರಿಗೆ ನೋಡಿದ್ದು ಅದೇ ಮೊದಲು.

ನೋಡಿ ನಕ್ಕರು. ಮಾರ್ಸೆಲ್ ದುಶಾಂಪನ 'ಮೆಟ್ಟಿಲಿಳಿಯುವ ನಗ್ನೆ' ಎದುರು ಜನ ಮುಗಿಬಿದ್ದರು. ಹಲಗೆ ಕಾರ್ಖಾನೆಯಲ್ಲಿ ಸ್ಫೋಟವಾದ ಹಾಗಿದೆ ಎಂಬ ಲೇವಡಿ ಊರೆಲ್ಲ ಹರಡಿತು. ಬ್ರಾಂಕುಸಿಯ 'ಮದ್ಮಸೆಲ್ ಪೊಗಾನಿ' ಎಂಬ ತಲೆಯ ಶಿಲ್ಪವನ್ನು ಸಕ್ಕರೆ ಅಚ್ಚಿನ ಮೇಲೆ ನಿಲ್ಲಿಸಿದ ಬೆಂದ ಮೊಟ್ಟೆ ಎಂದರು. ಮೂರು ವರ್ಷದ ಅಂತರದಲ್ಲಿ, ಒಂದು ಕಡೆ ಬುದ್ಧ ಕಡುಬಾದ, ಇನ್ನೊಂದು ಕಡೆ ಹೆಣ್ಣಿನ ಮುಖ ಮೊಟ್ಟೆಯಾಯಿತು. ಎರಡೂ ಬೈಗುಳ ಅಡುಗೆಮನೆಯಿಂದಲೇ ಬಂದವು ಎಂಬುದು ನನಗೆ ತಮಾಷೆಯಾಗಿ ಕಾಣುತ್ತದೆ. ಗುರುತು ಸಿಗದ ಆಕಾರ ಎದುರಾದಾಗ ಮನುಷ್ಯ ತನಗೆ ತೀರ ಗೊತ್ತಿರುವ ತಟ್ಟೆಯನ್ನೇ ನೆನೆಯುತ್ತಾನೇನೊ. ಅಮೆರಿಕದ ಹಿಂದಿನ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೂಡ ಪ್ರದರ್ಶನ ನೋಡಿ ಲೇಖನ ಬರೆದ: ನನ್ನ ಬಚ್ಚಲುಮನೆಯಲ್ಲಿರುವ ನವಾಹೊ ಬುಡಕಟ್ಟಿನವರ ಕಂಬಳಿ ಈ ಚಿತ್ರಕ್ಕಿಂತ ಎಷ್ಟೋ ವಾಸಿ ಎಂದು. ಆತ ಚಿತ್ರವನ್ನು ಹಳಿಯಲು ಹೇಳಿದ್ದು ಅದು. ಅರಿಯದೆಯೇ ಕಂಬಳಿ ನೇಯ್ದವರನ್ನೂ ಕಲಾವಿದರ ಸಾಲಿಗೆ ತಂದ. ನೇಯ್ದವರ ಹೆಸರು ಮಾತ್ರ ಅಲ್ಲೂ ಇಲ್ಲ.

ದುಶಾಂಪನ ಆ ಚಿತ್ರದಲ್ಲಿ ಒಂದೇ ದೇಹ ಕ್ಷಣಕ್ಷಣಕ್ಕೆ ನಿಂತ ಭಂಗಿಗಳೆಲ್ಲ ಒಂದರ ಮೇಲೊಂದು ಕಾಣುತ್ತವೆ. ಅರಸೀಕೆರೆಯ ಮಂಟಪದಲ್ಲಿ ಒಂದೇ ಚೌಕ ತಿರುತಿರುಗಿ ನಿಂತ ಜಾಗಗಳೆಲ್ಲ ಒಟ್ಟಿಗೆ ಕಾಣುತ್ತವೆ. ಇವೆರಡಕ್ಕೂ ಸಂಬಂಧ ಕಟ್ಟುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಆದರೆ ಒಂದನ್ನು ನೋಡಿ ಪಳಗಿದ ಕಣ್ಣಿಗೆ ಇನ್ನೊಂದು ಗದ್ದಲವಾಗಿ ಕಾಣಲಾರದು. ವ್ಯತ್ಯಾಸ ಬೇರೆ ಕಡೆ ಇದೆ. ನ್ಯೂಯಾರ್ಕಿನಲ್ಲಿ ನಕ್ಕವರಿಗೂ ದುಶಾಂಪನ ಹೆಸರು ಗೊತ್ತಿತ್ತು. ಬೈಯಲಾದರೂ ಒಬ್ಬ ಮನುಷ್ಯ ಬೇಕಲ್ಲ! ಹಳೇಬೀಡನ್ನು ಐವತ್ತು ವರ್ಷ ಹೊಗಳಿದವರಿಗೆ ಒಬ್ಬನ ಹೆಸರೂ ಬೇಕಾಗಿರಲಿಲ್ಲ.

ನಮ್ಮ ಕಡೆಯ ವಕೀಲರೂ ಇದನ್ನು ಪೂರ್ತಿ ಸರಿಮಾಡಲಿಲ್ಲ. ಆರ್ಮರಿ ಶೋ ಕೊನೆಗೊಂಡ ಬೋಸ್ಟನ್ನಿಗೇ 1917ರಲ್ಲಿ ಆನಂದ ಕುಮಾರಸ್ವಾಮಿ ಹೋದರು, ಅಲ್ಲಿನ ಲಲಿತಕಲಾ ಸಂಗ್ರಹಾಲಯದ ಭಾರತೀಯ ವಿಭಾಗ ನೋಡಿಕೊಳ್ಳಲು. ಭಾರತದ ಶಿಲ್ಪವನ್ನು ಗಂಭೀರವಾಗಿ ನೋಡಲು ಅಮೆರಿಕಕ್ಕೆ ಕಲಿಸಿದವರಲ್ಲಿ ಅವರದು ಮೊದಲ ಹೆಸರು. ಆದರೆ ಅವರು ಕಲಿಸಿದ ಪಾಠದಲ್ಲಿ ಒಂದು ಅಂಶ, ನಮ್ಮ ಶಿಲ್ಪಿ ಅನಾಮಧೇಯ, ತನ್ನನ್ನು ಮೆರೆಸಿಕೊಳ್ಳದೆ ಕೆಲಸದಲ್ಲಿ ಕರಗಿದವನು ಎಂಬುದು. ಫರ್ಗುಸನ್ ಶಿಲ್ಪಿಯನ್ನು ದುಡಿಮೆಗಾರ ಮಾಡಿದ. ಕುಮಾರಸ್ವಾಮಿ ಋಷಿ ಮಾಡಿದರು. ಬೇರೆ ಎಷ್ಟೋ ಕಡೆ ಈ ಮಾತು ನಿಜವಿರಬಹುದು. ಬೇಲೂರಿನಲ್ಲಿ ಅಲ್ಲ.

ಏಕೆಂದರೆ ನ್ಯೂಯಾರ್ಕಿನಲ್ಲಿ ಆ ಗಲಾಟೆ ನಡೆಯುತ್ತಿದ್ದ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ಒಬ್ಬರು ಮಂಡಿಯೂರಿ ಅಕ್ಷರ ಓದುತ್ತಿದ್ದರು. ರಾ. ನರಸಿಂಹಾಚಾರ್ಯರು. ಬಿ.ಎಲ್. ರೈಸ್ ಅವರ ಕೈಕೆಳಗೆ ಕೆಲಸ ಕಲಿತು, 1906ರಿಂದ 1922ರವರೆಗೆ ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದವರು. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು 1902ರಲ್ಲೇ ಪ್ರಕಟಿಸಿ ದಾರಿ ಮಾಡಿಕೊಟ್ಟಿದ್ದರು. ನರಸಿಂಹಾಚಾರ್ಯರು ಊರೂರು ತಿರುಗಿ, ಮೂರ್ತಿಗಳ ಪೀಠದ ಮೇಲಿನ ಆ ಸಣ್ಣ ಬರಹಗಳನ್ನು ಒಂದೊಂದಾಗಿ ಬರೆದುಕೊಂಡು, ಯಾವ ಮೂರ್ತಿ ಯಾರ ಕೈಯದು ಎಂದು ಪಟ್ಟಿ ಮಾಡಿದರು. ಸೋಮನಾಥಪುರದ ಮೇಲೆ 1917ರಲ್ಲಿ, ಬೇಲೂರು ಮತ್ತು ದೊಡ್ಡಗದ್ದವಳ್ಳಿಯ ಮೇಲೆ 1919ರಲ್ಲಿ ಅವರ ಪುಸ್ತಕಗಳು ಬಂದವು. ಇದೇ ನರಸಿಂಹಾಚಾರ್ಯರು 'ಕರ್ಣಾಟಕ ಕವಿಚರಿತೆ'ಯನ್ನು ಬರೆದವರು ಎಂಬುದನ್ನು ಕನ್ನಡ ಎಂ.ಎ. ಮಾಡುವವರಿಗೆ ಹೇಳಬೇಕಿಲ್ಲ. ಮೊದಲ ಸಂಪುಟ 1907ರದು, ಎರಡನೆಯದು ಬೇಲೂರಿನ ಪುಸ್ತಕ ಬಂದ ವರ್ಷದ್ದೇ. ಓಲೆಗರಿಯಲ್ಲಿ ಕವಿಯ ಹೆಸರು, ಊರು, ತಂದೆ, ಬಿರುದು ಹುಡುಕಿ ಅಭ್ಯಾಸವಾಗಿದ್ದ ಕಣ್ಣು ಕಲ್ಲಿನಲ್ಲೂ ಅದನ್ನೇ ಹುಡುಕಿತು. ಎರಡು ಕಡೆಯೂ ಸಿಕ್ಕಿತು.

ಹಾಗೆ ಸಿಕ್ಕವರು ದಾಸೋಜ, ಅವನ ಮಗ ಚಾವಣ. ಇಬ್ಬರೂ ಶಿಕಾರಿಪುರದ ಹತ್ತಿರದ ಬಳ್ಳಿಗಾವೆಯಿಂದ ಬೇಲೂರಿಗೆ ಬಂದವರು. ಅಲ್ಲಿನ ಮದನಿಕೆಯರಲ್ಲಿ ಕೆಲವು ಇವರ ಕೈಯವು. ಹಳೇಬೀಡಿನಲ್ಲಿ ಕೇದಾರೋಜ, ಕಾಳಿದಾಸಿ. ತಮ್ಮನ್ನು ಇವರು ಕರೆದುಕೊಂಡದ್ದು 'ರೂವಾರಿ' ಎಂದು. ರೂಪ ಕೊಡುವವನು ರೂವಾರಿ. ಇವತ್ತು ಆ ಪದ ರಾಜಕಾರಣಿಗಳ ಪಾಲಾಗಿದೆ, ಯೋಜನೆಯ ರೂವಾರಿ, ಗೆಲುವಿನ ರೂವಾರಿ. ಇವರ ಬಿರುದುಗಳನ್ನು ಓದಿದರೆ ತಾಳ್ಮೆಯ ದುಡಿಮೆಗಾರನೂ ಸಿಗುವುದಿಲ್ಲ, ಮೌನದ ಋಷಿಯೂ ಸಿಗುವುದಿಲ್ಲ. ಎದುರಾಳಿ ರೂವಾರಿಗಳು ಬೆಟ್ಟವಾದರೆ ತಾನು ವಜ್ರಾಯುಧ ಎನ್ನುತ್ತಾನೆ ಒಬ್ಬ. ಅವರು ಮನ್ಮಥರಾದರೆ ತಾನು ಮನ್ಮಥನನ್ನು ಸುಟ್ಟ ಶಿವ ಎನ್ನುತ್ತಾನೆ ಇನ್ನೊಬ್ಬ. ಕುಸ್ತಿ ಅಖಾಡದ ಮಾತು! ಪಕ್ಕದ ಮೂರ್ತಿ ಕೆತ್ತುತ್ತಿದ್ದವನಿಗೆ ಕೇಳಿಸಲಿ ಎಂದೇ ಬರೆದದ್ದು. ಒಬ್ಬರನ್ನೊಬ್ಬರು ಮೀರಿಸಲು ಹೊರಟವರ ಪೈಪೋಟಿ ಆ ಗೋಡೆಗಳಲ್ಲಿದೆ ಎಂದು ತಿಳಿದ ಮೇಲೆ ಅವನ್ನು ನೋಡುವ ರೀತಿಯೇ ಬದಲಾಗುತ್ತದೆ. ಎಂಟು ನೂರು ಆನೆಯಾದ ಮೇಲೂ ಮುಂದಿನ ಆನೆಯ ಸೊಂಡಿಲು ಯಾಕೆ ಬೇರೆ ಥರ ತಿರುಗಿದೆ ಎಂದು ನಿಂತು ನೋಡುವ ಹಾಗಾಗುತ್ತದೆ.

ಇವರಲ್ಲಿ ನನಗೆ ಹೆಚ್ಚು ಇಷ್ಟವಾದವನು ಮಲ್ಲಿತಮ್ಮ. 1196ರ ಅಮೃತಾಪುರದಿಂದ ಹಿಡಿದು ಆರು ದಶಕಗಳಾಚೆಯ ಸೋಮನಾಥಪುರದವರೆಗೆ ಈ ಹೆಸರು ಸಿಗುತ್ತದೆ. ಸೋಮನಾಥಪುರವೊಂದರಲ್ಲೇ ಸುಮಾರು 40 ಮೂರ್ತಿಗಳ ಕೆಳಗಿದೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ 'ಮಲ್ಲಿ', ಕೆಲವು ಕಡೆ ಬರೀ 'ಮ'. ಬಿರುದಿಲ್ಲ, ವಜ್ರಾಯುಧವಿಲ್ಲ. ಸಹಿ ಹಾಕಿ ಹಾಕಿ ಬೇಸತ್ತವನ, ಅಥವಾ ಒಂದಕ್ಷರ ಸಾಕು ಎನ್ನುವಷ್ಟು ಹೆಸರಾದವನ ಬರಹ ಅದು. ಒಬ್ಬನೇ ಮನುಷ್ಯ ಇಷ್ಟು ವರ್ಷ ಉಳಿ ಹಿಡಿದನೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಅನುಮಾನ. ತಾತನ ಹೆಸರನ್ನು ಮೊಮ್ಮಗನಿಗಿಡುವುದು ನಮ್ಮಲ್ಲಿ ಇವತ್ತಿಗೂ ಇದೆ.

ಅನುಮಾನಕ್ಕೆ ಕಾರಣವಿದೆ. ಅರಸೀಕೆರೆ ಕಡೆಯಿಂದ ಬಾಣಾವರದ ಮೇಲೆ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಜಾವಗಲ್ ಸಿಗುತ್ತದೆ. ಹೆಸರು ಕೇಳಿದೊಡನೆ ಎಲ್ಲರಿಗೂ ಶ್ರೀನಾಥ್ ನೆನಪಾಗುತ್ತಾರೆ, ಆಗಲಿ. ಊರಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಸ್ಥಾನವಿದೆ. ಅಲ್ಲಿನ ಮೂರ್ತಿಗಳ ಕೆಳಗೆ ಮಲ್ಲಿತಮ್ಮನ ಹೆಸರಿದೆ. ಜೊತೆಗೆ ಇನ್ನೊಬ್ಬನದೂ ಇದೆ: ಚಿಕ್ಕಮಲ್ಲಿತಮ್ಮ.